ಗಾಲಿಯ ಅಳತೆ: ಕಣಕಟ್ಟೆ ದಾರಿಯ ಹಳೇ ಕಾರಿಗೆ ಯಾವ ಟೈರು?

ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿಯನ್ನು ನಮ್ಮ ಕಡೆ ಬಹಳ ಜನ ಓದುವುದಿಲ್ಲ. ಅಂಗಡಿಯವನು "ಆ ಸೈಜು ಇಲ್ಲ ಕಣಣ್ಣ" ಅಂದ ದಿನ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಲ್ಲಿ ಈಗ ಹಲವರಿಗೆ ಆ ದಿನ ಬಂದಿದೆ. ಇಲ್ಲಿನ ಹಳ್ಳಿಗಳಲ್ಲಿ ಇನ್ನೂ ಓಡುತ್ತಿರುವ ಕಾರುಗಳಲ್ಲಿ ಮಾರುತಿ 800 ಕಡಿಮೆಯೇನಲ್ಲ. ಅದರ ಟೈರು 145/70 ಆರ್ 12. ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಕಾರು ನಿಂತರೂ ಟೈರು ನಿಂತಿಲ್ಲ ನಿಜ. ಆದರೆ ತಾಲ್ಲೂಕು ಕೇಂದ್ರದ ಅಂಗಡಿಗೆ ಹೋದರೆ ಕೇಳಿದ ದಿನವೇ ನಾಲ್ಕೂ ಸಿಗುವ ಕಾಲ ಹೋಯಿತು. "ಆಲ್ಟೊದ್ದು ಹಾಕ್ಸು, ರಿಮ್ ಒಂದೇ, ಕೂರ್ತದೆ" ಎನ್ನುವುದು ಸಿಗುವ ಉತ್ತರ. ಆಲ್ಟೊದ್ದು 145/80 ಆರ್ 12. ಎಪ್ಪತ್ತು ಎಂಬತ್ತಾಗಿದೆ, ಅಷ್ಟೇ ವ್ಯತ್ಯಾಸ.

ಕೂರುತ್ತದೆ ಎನ್ನುವುದು ಸುಳ್ಳಲ್ಲ. ಕೂತ ಮೇಲೆ ಏನಾಗುತ್ತದೆ ಎನ್ನುವುದು ಬೇರೆ ಪ್ರಶ್ನೆ. ಅದನ್ನು ಬಿಡಿಸಲು ಹೊರಟ ನಮಗೆ ಗೊತ್ತಾದದ್ದು, ಈ ಹೋಬಳಿಯಲ್ಲಿ ಗಾಲಿಯ ಅಳತೆಯ ತಕರಾರು ಕಾರಿಗಿಂತ ಬಹಳ ಹಳೆಯದು ಎಂಬುದು.

ಮೊದಲು ಎತ್ತಿನ ಗಾಡಿಯ ಮಾತು. ಮರದ ಗಾಲಿಗೂ ಟೈರು ಇತ್ತು. ಅದು ಕಬ್ಬಿಣದ ಪಟ್ಟಿ. ಬಡಗಿ ಗಾಲಿ ಮಾಡಿ ಕೊಟ್ಟ ಮೇಲೆ ಕಮ್ಮಾರ ಅದರ ಸುತ್ತಳತೆ ತೆಗೆದುಕೊಳ್ಳುತ್ತಿದ್ದ. ಪಟ್ಟಿಯನ್ನು ಆ ಅಳತೆಗೆ ಸರಿಯಾಗಿ ಕತ್ತರಿಸಿದರೆ ಕೆಟ್ಟಿತು, ಸ್ವಲ್ಪ ಕಡಿಮೆಯೇ ಇರಬೇಕು. ಆ ಕಡಿಮೆ ಎಷ್ಟು ಎನ್ನುವುದರಲ್ಲೇ ಕಸುಬು ಇದ್ದದ್ದು. ಬಳೆಯಂತೆ ಬೆಸೆದ ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ತಂದು ಗಾಲಿಯ ಮೇಲೆ ಕೂರಿಸಿ, ಮರ ಹೊತ್ತಿಕೊಳ್ಳುವ ಮುನ್ನ ನೀರು ಸುರಿದರೆ ಕುಗ್ಗಿ, ಅರೆಕಾಲುಗಳನ್ನೆಲ್ಲ ಒಳಗೆ ಅಮುಕಿ ಹಿಡಿಯುತ್ತದೆ. ಪಟ್ಟಿ ತೀರ ಚಿಕ್ಕದಾದರೆ ಗಾಲಿ ಸೊಟ್ಟಗಾಗುತ್ತದೆ ಇಲ್ಲವೇ ಅರೆಕಾಲು ಸೀಳುತ್ತದೆ. ಚೂರು ದೊಡ್ಡದಾದರೆ ಬೇಸಿಗೆಯಲ್ಲಿ ಮರ ಒಣಗಿ ಪಟ್ಟಿ ಕಳಚಿ ಬೀಳುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಗಾಲಿ ಬಿಚ್ಚಿ ಕೆರೆಯ ನೀರಿನಲ್ಲಿ ನೆನೆಹಾಕುತ್ತಿದ್ದುದು ಇದಕ್ಕೇ. ಊರ ಹೆಸರಲ್ಲೇ ಕಟ್ಟೆ ಇರುವ ಸೀಮೆಯಲ್ಲೂ ಬೇಸಿಗೆಗೆ ನೀರು ಉಳಿದರೆ ತಾನೆ, ಎಂದು ನಗುವ ಹಿರಿಯರು ಈಗಲೂ ಸಿಗುತ್ತಾರೆ.

ಗಾಲಿಯ ಚಿತ್ರ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಮಹಾಭಾರತದ ಯುದ್ಧದ ಸಾಲುಗಳಿವೆ, ರಥಗಳಿವೆ. ಪ್ರವಾಸಿ ಗೈಡುಗಳು ಬಾಣ ಬಿಡುವವನನ್ನು ತೋರಿಸುತ್ತಾರೆ, ಗಾಲಿಯನ್ನು ತೋರಿಸುವುದಿಲ್ಲ. ಒಮ್ಮೆ ಬಗ್ಗಿ ಅದನ್ನೂ ನೋಡಿ ಬನ್ನಿ.

ಕಬ್ಬಿಣದ ಪಟ್ಟಿ ಗಾಲಿಯನ್ನು ಕಾಪಾಡಿತು, ರಸ್ತೆಯನ್ನು ಹಾಳು ಮಾಡಿತು. ಎರಡು ಬೆರಳಗಲದ ಪಟ್ಟಿಯ ಮೇಲೆ ಇಡೀ ಗಾಡಿಯ ಭಾರ ನಿಂತರೆ ಜಲ್ಲಿ ರಸ್ತೆ ಕತ್ತಿಯಲ್ಲಿ ಕೊಯ್ದಂತೆ ಸೀಳುತ್ತದೆ. ಇದು ನಮ್ಮ ಕಡೆಯ ಗೋಳು ಮಾತ್ರವಲ್ಲ. 1753ರಲ್ಲೇ ಇಂಗ್ಲೆಂಡಿನ ಪಾರ್ಲಿಮೆಂಟು, ಸುಂಕದ ರಸ್ತೆಯಲ್ಲಿ ಓಡುವ ಭಾರದ ಗಾಡಿಗಳ ಗಾಲಿ ಒಂಬತ್ತು ಅಂಗುಲ ಅಗಲ ಇರಬೇಕೆಂದು ಕಾನೂನು ಮಾಡಿತ್ತು. ಗಾಲಿಯ ಅಳತೆ ಸರ್ಕಾರದ ವಿಷಯವೂ ಹೌದು ಎನ್ನುವುದು ಆಗಿನಿಂದಲೇ ಇದೆ. ನಮ್ಮಲ್ಲಿ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿದಾಗ ಎಂಜಿನಿಯರುಗಳ ತಲೆನೋವುಗಳಲ್ಲಿ ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿಯೂ ಒಂದು. ಮೋಟಾರಿಗೆಂದು ಮಾಡಿದ ರಸ್ತೆಯನ್ನು ಗಾಡಿ ಕೊರೆಯುತ್ತದೆ ಎಂದು ಅವರು ದೂರುತ್ತಿದ್ದರು. ಆ ರಸ್ತೆಗೆ ಜಲ್ಲಿ ಹೊತ್ತು ತಂದದ್ದೂ ಅದೇ ಗಾಡಿ ಎನ್ನುವುದನ್ನು ಎಷ್ಟು ಜನ ನೆನೆದರೋ.

ಅಷ್ಟು ಹೊತ್ತಿಗೆ ರಬ್ಬರು ಬಂದಾಗಿತ್ತು. ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಅದು ಯಾರಿಗೂ ಬೇಕಾಗಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆಂದು ಮತ್ತೆ ಮಾಡಿದಾಗ ಲೋಕಕ್ಕೆ ಬೇಕಾಯಿತು. ಅವನ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ಎತ್ತಿನ ಗಾಡಿಗೆ ಗಾಳಿಯ ಟೈರು ಹಾಕುವ ಪ್ರಚಾರ ಆ ದಶಕದಲ್ಲೇ ಶುರುವಾಯಿತು. ಉತ್ತರದವರು ಅದನ್ನು ಡನ್‌ಲಪ್ ಗಾಡಿ ಎಂದೇ ಕರೆದರು. ನಮಗೆ ಅದು ಟೈರುಗಾಡಿ.

ಟೈರುಗಾಡಿ ಎತ್ತಿಗೆ ಹಗುರ, ಹೊಲದ ಮಣ್ಣಿನಲ್ಲಿ ಹೂಳುವುದು ಕಡಿಮೆ, ಭಾರ ಹೆಚ್ಚು ಹೊರುತ್ತದೆ. ಮಂಡ್ಯದ ಕಬ್ಬಿನ ಸೀಮೆ ಅದನ್ನು ಬೇಗ ಒಪ್ಪಿಕೊಂಡಿತು. ಕಣಕಟ್ಟೆಯಂಥ ಬಯಲುಸೀಮೆ ತಡ ಮಾಡಿತು. ಅಜ್ಞಾನ ಎಂದು ಪಟ್ಟಣದವರು ಬರೆದದ್ದುಂಟು, ನಾವು ಒಪ್ಪುವುದಿಲ್ಲ. ಹಣದ ಮಾತು ಒಂದು. ಇನ್ನೊಂದು ಜಾಲಿ ಮುಳ್ಳು. ಹೊಲದ ಬದುವಿನ ತುಂಬ ಜಾಲಿ ಇರುವಲ್ಲಿ, ಪಂಕ್ಚರ್ ಹಾಕುವವನು ಹೋಬಳಿಗೆ ಒಬ್ಬನೂ ಇಲ್ಲದ ಕಾಲದಲ್ಲಿ, ರಾಗಿ ಹೊತ್ತ ಗಾಡಿ ಹೊಲದ ನಡುವೆ ಗಾಳಿ ಬಿಟ್ಟರೆ ಮಾಡುವುದೇನು? ಪಟ್ಟಿ ಸಡಿಲವಾದರೆ ಕಲ್ಲಿನಲ್ಲಿ ನಾಲ್ಕು ಏಟು ಬಡಿದು ಮನೆ ಮುಟ್ಟಬಹುದಿತ್ತು. ರಿಪೇರಿ ಎಲ್ಲಿ ಸಿಗುತ್ತದೋ ಆ ಗಾಲಿ ಒಳ್ಳೆಯದು, ಎನ್ನುವುದು ಅವರ ಲೆಕ್ಕ. ಹಳೇ ಕಾರಿಗೆ ಟೈರು ಆರಿಸುವವರ ಲೆಕ್ಕವೂ ಇವತ್ತು ಅದೇ.

ಬೆಂಗಳೂರಿನ ಐಐಎಂನ ಸ್ಥಾಪಕ ನಿರ್ದೇಶಕ ಎನ್. ಎಸ್. ರಾಮಸ್ವಾಮಿ 1970ರ ದಶಕದ ಕೊನೆಯಲ್ಲಿ ಎತ್ತಿನ ಗಾಡಿಯನ್ನು ಅಧ್ಯಯನಕ್ಕೆ ಎತ್ತಿಕೊಂಡರು. ಮ್ಯಾನೇಜ್‌ಮೆಂಟ್ ಕಲಿಸುವವರಿಗೆ ಗಾಡಿ ಯಾಕೆ ಎಂದು ನಕ್ಕವರಿದ್ದರು. ದೇಶದಲ್ಲಿ ಆಗ ಒಂದು ಕೋಟಿಗೂ ಮೀರಿ ಗಾಡಿಗಳಿದ್ದವು, ರೈಲು ಲಾರಿಗಳ ಸಮಕ್ಕೆ ನಿಲ್ಲುವ ಸಾಗಾಟ ಅದು ಎಂಬುದು ಅವರ ವಾದ. ಅವರು ಟೈರೊಂದನ್ನೇ ಹಿಡಿದು ಕೂರಲಿಲ್ಲ. ನೊಗ ಎತ್ತಿನ ಹೆಗಲನ್ನು ಹೇಗೆ ಕೊರೆಯುತ್ತದೆ, ಗಾಡಿಗೆ ಬ್ರೇಕು ಯಾಕಿಲ್ಲ ಎಂದೂ ಕೇಳಿದರು. ಇದು ಮುಖ್ಯ. ಗಾಲಿ ಹಗುರವಾದ ಕೂಡಲೇ ರೈತ ಎರಡು ಮೂಟೆ ಹೆಚ್ಚಿಗೆ ಹೇರಿದ. ಇಳಿಜಾರಿನಲ್ಲಿ ಆ ಭಾರವೆಲ್ಲ ಎತ್ತಿನ ಕತ್ತಿಗೆ ಬಂತು. ಗಾಲಿಯನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಹೊರೆ ಬೇರೆಲ್ಲೋ ಹೋಗಿ ಕೂರುತ್ತದೆ.

ನಮ್ಮ ತಾಲ್ಲೂಕಿಗೆ ಟೈರುಗಾಡಿ ಬಂದ ದಾರಿ ಬೇರೆ. ಗಾಡಿಗೆಂದೇ ಮಾಡಿದ ಟೈರು 7.00-19, 8.00-19ರ ಅಳತೆಯಲ್ಲಿ ಮಾರುಕಟ್ಟೆಯಲ್ಲಿ ಇತ್ತು, ಈಗಲೂ ಇದೆ. ಆದರೆ ಹಲವು ಗಾಡಿಗಳ ಕೆಳಗೆ ಇದ್ದದ್ದು ಗುಜರಿಗೆ ಹೋದ ಜೀಪು, ವ್ಯಾನುಗಳ ಅಚ್ಚು, ರಿಮ್ಮು, ಸವೆದ ಟೈರು. ಮೋಟಾರಿಗೆ ಬೇಡವಾದದ್ದು ಗಾಡಿಗೆ ಸಾಕು. ಎತ್ತು ಗಂಟೆಗೆ ನಾಲ್ಕು ಕಿಲೋಮೀಟರು ನಡೆಯುತ್ತದೆ, ಟೈರು ಸಿಡಿದರೂ ಯಾರೂ ಸಾಯುವುದಿಲ್ಲ. ಈ ಬುದ್ಧಿ ಗಾಡಿಗೆ ಸರಿ. ಅದನ್ನೇ ಕಾರಿಗೆ ತಂದಾಗ ಕಷ್ಟ ಶುರು.

ಜೀಪಿನ ಕಥೆ ಅಲ್ಲೇ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ 1942ರ ಫೆಬ್ರವರಿಗೆ ಸಿಂಗಾಪುರ ಬಿತ್ತು. ಮಲಯಾ, ಜಾವಾ, ಸುಮಾತ್ರಾದ ರಬ್ಬರು ಜಪಾನಿನ ಕೈಗೆ ಹೋಯಿತು. ಇಲ್ಲಿ ಪೆಟ್ರೋಲು ರೇಷನ್ ಆಯಿತು, ಟೈರು ಸಿಗುವುದು ಅದಕ್ಕಿಂತ ದುರ್ಲಭವಾಯಿತು. ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡಿಸಿದರು. ಪೆಟ್ರೋಲಿಗೆ ಇದ್ದಿಲು ಬದಲಿಯಾಯಿತು, ಟೈರಿಗೆ ಬದಲಿ ಇರಲಿಲ್ಲ. ಸವೆದದ್ದರ ಮೇಲೆ ತೇಪೆ ಹಾಕಿ, ಒಳಗೆ ಹಳೇ ಟೈರಿನ ತುಂಡು ಇಟ್ಟು ಓಡಿಸುವ ಅಭ್ಯಾಸ ಆಗ ಬೇರೂರಿತು. ಯುದ್ಧ ಮುಗಿದ ಮೇಲೆ ಸೈನ್ಯದ ಜೀಪುಗಳು ಹರಾಜಿಗೆ ಬಂದವು. ಆಮೇಲೆ ಮಹೀಂದ್ರ ಕಂಪನಿ ಅದೇ ವಿಲ್ಲೀಸ್ ಜೀಪನ್ನು ಇಲ್ಲೇ ಜೋಡಿಸಲು ತೊಡಗಿತು. ಬೇಲೂರು, ಸಕಲೇಶಪುರದ ಕಾಫಿ ತೋಟಗಳಿಗೆ ಜೀಪು ಬಂತು, ತೋಟ ಹಳೇದು ಮಾರಿದಾಗ ಅದು ಇಳಿದು ನಮ್ಮ ಬಯಲಿಗೆ ಬಂತು.

ಜೀಪಿನ ಟೈರು 6.00-16. ಟ್ರ್ಯಾಕ್ಟರಿನ ಮುಂದಿನ ಗಾಲಿಗೂ 6.00-16 ಬರುತ್ತದೆ. ಅಂಕಿ ಒಂದೇ, ರಿಮ್ಮಿಗೆ ಕೂರುತ್ತದೆ, ಟ್ರ್ಯಾಕ್ಟರ್ ಟೈರು ಊರಲ್ಲೇ ಸಿಗುತ್ತದೆ. ಹಾಗಾಗಿ ಜೀಪಿಗೆ ಅದನ್ನೇ ಹಾಕಿಸಿದವರನ್ನು ನಾವು ನೋಡಿದ್ದೇವೆ. ಆ ಟೈರಿನ ಮೇಲೆ ಮೂರು ಉದ್ದ ಏಣು ಇರುತ್ತವೆ, ಉತ್ತ ಹೊಲದಲ್ಲಿ ಪಕ್ಕಕ್ಕೆ ಜಾರದಂತೆ. ಪಕ್ಕೆಯ ಮೇಲೆ ಎ6 ಎಂದೋ ಎ8 ಎಂದೋ ಬರೆದಿರುತ್ತದೆ. ಎ6 ಅಂದರೆ ಗಂಟೆಗೆ 30 ಕಿಲೋಮೀಟರು, ಎ8 ಅಂದರೆ 40. ಅದಕ್ಕಿಂತ ಜೋರಾಗಿ ಓಡಲು ಆ ಟೈರು ಹುಟ್ಟಿಲ್ಲ. ತುಮಕೂರು–ಶಿವಮೊಗ್ಗ ಹೆದ್ದಾರಿಯಲ್ಲಿ ಮದುವೆ ದಿಬ್ಬಣ ತುಂಬಿಕೊಂಡು 70ರಲ್ಲಿ ಹೋದರೆ ಟೈರಿನ ಒಳಗಿನ ದಾರ, ರಬ್ಬರು ಕಾದು ಬೇರೆ ಬೇರೆಯಾಗುತ್ತವೆ. ಮೇ ತಿಂಗಳ ಡಾಂಬರಿನ ಬಿಸಿಯೂ ಸೇರಿದರೆ ಕೇಳುವುದೇ ಬೇಡ. ಸೈಜು ಸರಿಯಿದೆ ಎನ್ನುವುದು ಅರ್ಧ ಮಾತು ಮಾತ್ರ. ಭಾರ ಎಷ್ಟು, ವೇಗ ಎಷ್ಟು ಎನ್ನುವುದು ಉಳಿದರ್ಧ.

ಅಂಬಾಸಿಡರಿನದು 5.90-15, ಪ್ರೀಮಿಯರ್ ಪದ್ಮಿನಿಯದು 5.20-14. ಈ ಹಳೇ ಅಂಕಿಗಳನ್ನು ಓದುವುದು ಸುಲಭ. ಮೊದಲನೆಯದು ಟೈರಿನ ಅಗಲ ಅಂಗುಲದಲ್ಲಿ, ಎರಡನೆಯದು ರಿಮ್ಮಿನ ಅಡ್ಡಳತೆ ಅಂಗುಲದಲ್ಲಿ. ಎತ್ತರವನ್ನು ಬರೆಯುತ್ತಲೇ ಇರಲಿಲ್ಲ. ಆ ಕಾಲದ ಟೈರಿನ ಎತ್ತರ ಸುಮಾರಾಗಿ ಅಗಲದ ಹತ್ತಿರವೇ ಇರುತ್ತಿದ್ದುದರಿಂದ ಬರೆಯುವ ಅಗತ್ಯ ಇರಲಿಲ್ಲ. ಫ್ರಾನ್ಸಿನ ಮಿಷೆಲಿನ್ ಕಂಪನಿ 1946ರಲ್ಲಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಹಳೆಯದರಲ್ಲಿ ಒಳಗಿನ ದಾರದ ಪದರಗಳು ಓರೆಯಾಗಿ, ಒಂದರ ಮೇಲೊಂದು ಅಡ್ಡಡ್ಡ ಹೋಗುತ್ತವೆ. ರೇಡಿಯಲ್‌ನಲ್ಲಿ ದಾರ ಈ ಅಂಚಿನಿಂದ ಆ ಅಂಚಿಗೆ ನೇರ, ಮೇಲೆ ಉಕ್ಕಿನ ಪಟ್ಟಿ. ಪಕ್ಕೆ ಮೆತ್ತಗೆ, ನೆಲ ಮುಟ್ಟುವ ಭಾಗ ಗಟ್ಟಿ. ಕಮ್ಮಾರನ ಪಟ್ಟಿ ಮತ್ತೆ ಒಳಕ್ಕೆ ಬಂದು ಕೂತಂತೆ ಎಂದು ನಮಗೆ ಅನ್ನಿಸಿದ್ದುಂಟು. ಇಂಥ ಟೈರನ್ನು ಅಗಲಕ್ಕಿಂತ ಗಿಡ್ಡಗೆ ಮಾಡಬಹುದಾಯಿತು. ಗಿಡ್ಡ ಎಷ್ಟು ಎಂದು ಬರೆಯಲೇಬೇಕಾಯಿತು. 70, 80 ಎಂಬ ಅಂಕಿ ಹುಟ್ಟಿದ್ದು ಹೀಗೆ: ಎತ್ತರ ಅಗಲದ ಶೇಕಡಾ ಎಷ್ಟು ಎಂದು.

ಭಾರತದಲ್ಲಿ ಮೊದಲು ರೇಡಿಯಲ್ ತಂದದ್ದು ಜೆ.ಕೆ. ಟೈರ್, 1977ರಲ್ಲಿ. ನಮ್ಮದೇ ಎನ್ನಬಹುದಾದ ಕಾರ್ಖಾನೆ ಮೈಸೂರಿನ ವಿಕ್ರಾಂತ್ ಟೈರ್ಸ್, ರಾಜ್ಯ ಸರ್ಕಾರದ ಪಾಲಿದ್ದ ಕಂಪನಿ. 1997ರಲ್ಲಿ ಅದೂ ಜೆ.ಕೆ.ಯವರ ಕೈ ಸೇರಿತು. ಕಾರಿನವರಿಗೆ ರೇಡಿಯಲ್ ಎಂಬ ಪದ ನಮ್ಮ ಕಡೆ ಪರಿಚಯವಾದದ್ದು ಮಾರುತಿಯ ಬೆನ್ನಿಗೆ. 1983ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಮೊದಲ 800ರ ಕೀಲಿ ಕೊಟ್ಟದ್ದು ಇಂದಿರಾ ಗಾಂಧಿ. ಅದು ಸೆಕೆಂಡ್ ಹ್ಯಾಂಡ್ ಆಗಿ, ಮೂರನೇ ಕೈಯಾಗಿ ಹಳ್ಳಿ ಮುಟ್ಟಲು ಮತ್ತೆರಡು ದಶಕ ಬೇಕಾಯಿತು.

ಅಂಬಾಸಿಡರಿಗೆ ರೇಡಿಯಲ್ ಹಾಕಿಸಿದವರ ಅನುಭವ ಇಲ್ಲಿ ಪಾಠವಾಗಬೇಕಿತ್ತು. ಸರಿಯಾದ ಎತ್ತರದ್ದನ್ನು ಹುಡುಕಿ ನಾಲ್ಕಕ್ಕೂ ಹಾಕಿಸಿದವರ ಕಾರು ಚೆನ್ನಾಗೇ ಓಡಿತು. ಎರಡಕ್ಕೆ ಹಳೇದು, ಎರಡಕ್ಕೆ ರೇಡಿಯಲ್ ಹಾಕಿಸಿದವರ ಕಾರು ತಿರುವಿನಲ್ಲಿ ಮುಂದೊಂದು ದಾರಿ, ಹಿಂದೊಂದು ದಾರಿ ಹಿಡಿಯಿತು. ಎರಡು ಬಗೆಯ ಟೈರು ನೆಲವನ್ನು ಹಿಡಿಯುವ ರೀತಿಯೇ ಬೇರೆ. ಜರ್ಮನಿಯ ಬೀಟಲ್ ಕಾರಿನವರಿಗೂ ಇದೇ ಪ್ರಶ್ನೆ ಬಂದಿತ್ತು. ಅವರ 5.60-15ರ ಜಾಗಕ್ಕೆ 155, 165ರ ರೇಡಿಯಲ್‌ಗಳು ಬಂದವು. ಅಲ್ಲಿ ಕಂಪನಿಯೇ ಅಳೆದು ಹೇಳಿತು. ಇಲ್ಲಿ ಅಳೆಯುವವನು ಅಂಗಡಿಯವನು.

ಈಗ 800ಕ್ಕೆ ಬರೋಣ. ಲೆಕ್ಕ ಹಾಳೆಯ ಮೇಲೆ ಎರಡು ನಿಮಿಷದ್ದು. 12 ಅಂಗುಲದ ರಿಮ್ ಅಂದರೆ 304.8 ಮಿಲಿಮೀಟರು. 145ರ ಶೇಕಡಾ 70 ಅಂದರೆ 101.5, ಮೇಲೊಂದು ಕೆಳಗೊಂದು ಸೇರಿ 203. ಒಟ್ಟು ಗಾಲಿ 507.8 ಮಿಲಿಮೀಟರು. ಆಲ್ಟೊದ್ದಕ್ಕೆ 145ರ ಶೇಕಡಾ 80 ಅಂದರೆ 116, ಎರಡು ಸೇರಿ 232, ಗಾಲಿ 536.8. ವ್ಯತ್ಯಾಸ 29 ಮಿಲಿಮೀಟರು, ಶೇಕಡಾ 5.7. ಟೈರು ಬದಲಿಸುವಾಗ ಶೇಕಡಾ 3ರ ಒಳಗಿರಲಿ ಎನ್ನುವುದು ಕಸುಬಿನವರು ಸಾಮಾನ್ಯವಾಗಿ ಹೇಳುವ ಮಿತಿ.

ಈ 29 ಮಿಲಿಮೀಟರಿನಿಂದ ಸಿಗುವ ಲಾಭ ಇದು: ಕಾರು 14.5 ಮಿಲಿಮೀಟರು ಮೇಲೇಳುತ್ತದೆ. ಮಳೆಗಾಲದಲ್ಲಿ ತೋಟದ ಮನೆಯ ದಾರಿಯಲ್ಲಿ ಓಡಿಸುವವರಿಗೆ ಅರ್ಧ ಅಂಗುಲ ಕಡಿಮೆ ಮಾತಲ್ಲ. ಟೈರಿನ ಪಕ್ಕೆ ಎತ್ತರವಾದ್ದರಿಂದ ಗುಂಡಿಯ ಹೊಡೆತವೂ ಮೆತ್ತಗಾಗುತ್ತದೆ. ಹೊರುವ ಭಾರವೂ ಹೆಚ್ಚು. 800ರ ಟೈರಿನ ಮೇಲೆ ಸಾಮಾನ್ಯವಾಗಿ 69 ಎಂಬ ಭಾರದ ಅಂಕಿ ಇರುತ್ತದೆ, ಅಂದರೆ ಒಂದು ಟೈರಿಗೆ 325 ಕೆ.ಜಿ. ಆಲ್ಟೊದ್ದರ ಮೇಲೆ 74, ಅಂದರೆ 375 ಕೆ.ಜಿ. ಅಂಗಡಿಯವನು ಪೂರ್ತಿ ತಪ್ಪು ಹೇಳುತ್ತಿಲ್ಲ ಎಂದು ನಾವು ಹೇಳಿದ್ದು ಇದಕ್ಕೇ.

ನಷ್ಟ ಏನು? ಸ್ಪೀಡೋಮೀಟರಿನ ಕೇಬಲ್ಲು ಗೇರುಬಾಕ್ಸಿನಿಂದ ಬರುತ್ತದೆ. ಅದು ಎಣಿಸುವುದು ಸುತ್ತುಗಳನ್ನು, ರಸ್ತೆಯನ್ನಲ್ಲ. ಮುಳ್ಳು 60 ತೋರಿಸುವಾಗ ದೊಡ್ಡ ಗಾಲಿಯ ಕಾರು 63ಕ್ಕೂ ಮೇಲೆ ಓಡುತ್ತಿರುತ್ತದೆ, 80 ತೋರಿಸುವಾಗ 84 ದಾಟಿರುತ್ತದೆ. ಸಾವಿರ ಕಿಲೋಮೀಟರು ಓಡಿದರೆ ಮೀಟರಿನಲ್ಲಿ ಬರುವುದು 946. ಮೈಲೇಜು ಬಿದ್ದುಹೋಯಿತು ಎಂದು ಗೋಳಾಡುವ ಕೆಲವರ ಸಮಸ್ಯೆ ಪೆಟ್ರೋಲಿನದಲ್ಲ, ಈ ಲೆಕ್ಕದ್ದು. ಗೇರು ಎತ್ತರವಾದಂತಾಗಿ ಎಳೆತ ಕುಗ್ಗುತ್ತದೆ. ನಾಲ್ಕು ಜನ ಕೂತು ದಿಬ್ಬ ಹತ್ತುವಾಗ ಎರಡನೇ ಗೇರಿನಲ್ಲಿ ಹೋಗುತ್ತಿದ್ದದ್ದು ಒಂದಕ್ಕೆ ಬರಬೇಕಾಗುತ್ತದೆ. ಬ್ರೇಕಿಗೂ ಅಷ್ಟೇ: ಗಾಲಿ ದೊಡ್ಡದಾದಷ್ಟೂ ಅದನ್ನು ನಿಲ್ಲಿಸಲು ಅದೇ ಡ್ರಮ್ಮು ಹೆಚ್ಚು ಹಿಡಿಯಬೇಕು. ಇನ್ನು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ, ಅಥವಾ ಹಿಂದೆ ಮೂಟೆ ಹೇರಿ ಗುಂಡಿಗೆ ಇಳಿದಾಗ, ಟೈರು ಮಡ್ಗಾರ್ಡಿನ ಒಳಗೆ ಉಜ್ಜುತ್ತದೆಯೇ ಎಂದು ನೋಡಬೇಕು. ಸ್ಪ್ರಿಂಗು ಕುಗ್ಗಿದ ಹಳೇ ಕಾರಿನಲ್ಲಿ ಉಜ್ಜುವ ಸಾಧ್ಯತೆ ಜಾಸ್ತಿ. ಉಜ್ಜಿದ ಟೈರು ಎಲ್ಲಿ ಕೊಯ್ದುಕೊಳ್ಳುತ್ತದೆ ಎಂದು ಹೊರಗೆ ನಿಂತವರಿಗೆ ಕಾಣುವುದಿಲ್ಲ.

ಲೆಕ್ಕಕ್ಕೆ ಹತ್ತಿರವಾದ ಇನ್ನೊಂದು ಟೈರು ಇದೆ, 155/65 ಆರ್ 12. ಅದರ ಗಾಲಿ 506.3 ಮಿಲಿಮೀಟರು, 800ರದ್ದಕ್ಕೆ ಕೂದಲೆಳೆಯಷ್ಟು ಕಡಿಮೆ. ಅದು ಟಾಟಾ ನ್ಯಾನೋದ ಹಿಂದಿನ ಗಾಲಿಯದು. ನ್ಯಾನೋವೂ ನಿಂತುಹೋಗಿದೆ. ಒಂದು ಸತ್ತ ಕಾರಿಗೆ ಇನ್ನೊಂದು ಸತ್ತ ಕಾರಿನ ಟೈರು ಹುಡುಕುವ ಕೆಲಸ.

ಕಾನೂನು ಏನನ್ನುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಕೇರಳದಿಂದ ಹೋಗಿದ್ದ ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಓದಿತು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಟೈರಿನ ಸ್ಥಿತಿಗೆ 94ನೇ ನಿಯಮ, ಸೈಜು ಮತ್ತು ಪದರಕ್ಕೆ 95ನೇ ನಿಯಮ ಇವೆ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಆಗಿರಬಾರದು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಷ್ಟು ಕಟ್ಟಿ, ಗಾಡಿ ತೋರಿಸಲು ಹೋದಾಗ ಇನ್‌ಸ್ಪೆಕ್ಟರು ಟೈರಿನ ಪಕ್ಕೆ ಓದಿದರೆ ಬೇರೆ ಸೈಜಿನ ಕಾರಿನವನಿಗೆ ಹೇಳಲು ಮಾತಿರುವುದಿಲ್ಲ. ಅಪಘಾತವಾದರೆ ವಿಮೆಯ ಸರ್ವೇಯರ್ ಕೂಡ ಅದನ್ನು ಓದಬಲ್ಲ.

ಕಣಕಟ್ಟೆ ಹತ್ತಿರದ ಹಳ್ಳಿಯ ರೈತರೊಬ್ಬರ ಕಾರಿನ ಸುತ್ತ ನಾವು ಮೂರು ವಾರ ಓಡಾಡಿದೆವು. ಹೆಸರು ಬೇಡ ಎಂದಿದ್ದಾರೆ. ಎರಡು ಎಕರೆ ತೆಂಗು, ಉಳಿದದ್ದು ರಾಗಿಯ ಹೊಲ. ಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಕಾದು, ಉಂಡೆ ಕೊಬ್ಬರಿ ಮಾಡಿ ಅರಸೀಕೆರೆ ಮಾರುಕಟ್ಟೆಗೆ ಹಾಕುವವರು. ಕಾರಿನ ಹಿಂದಿನ ಸೀಟು ಮಡಚಿ ಎರಡು ಮೂಟೆ ಅದರಲ್ಲೇ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ತಾಯಿಯನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲೇ. ಬಸ್ಸಿನ ಮೆಟ್ಟಿಲು ಹತ್ತಲು ತಾಯಿಗೆ ಆಗುವುದಿಲ್ಲ. ಹೊಸ ಕಾರಿನ ಮಾತು ತೆಗೆದರೆ ಅವರು ತೆಂಗಿನ ಸುಳಿ ನೋಡಿ ಸುಮ್ಮನಾಗುತ್ತಾರೆ.

ಅವರ ಕಾರಿನ ಟೈರಿನಲ್ಲಿ ಗೀರು ಇನ್ನೂ ಚೆನ್ನಾಗಿತ್ತು. "ಇನ್ನೊಂದ್ವರ್ಷ ಬತ್ತದೆ" ಎಂದು ಅವರ ಅಂದಾಜು. ಪಕ್ಕೆಯಲ್ಲಿ ಕೂದಲಿನಂಥ ಬಿರುಕುಗಳಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕೊನೆಯ ನಾಲ್ಕು ಅಂಕಿ ಕಂಡವು: 2213. 2013ನೇ ಇಸವಿಯ 22ನೇ ವಾರದಲ್ಲಿ ತಯಾರಾದದ್ದು ಎಂದರ್ಥ. 2000ದಿಂದೀಚೆಗಿನ ಎಲ್ಲ ಟೈರಿನಲ್ಲೂ ಮೊದಲೆರಡು ವಾರ, ಮುಂದಿನೆರಡು ವರ್ಷ. ಕಡಿಮೆ ಓಡುವ ಹಳ್ಳಿಯ ಕಾರಿನಲ್ಲಿ ಗೀರು ಸವೆಯುವ ಮುಂಚೆ ರಬ್ಬರು ಮುದಿಯಾಗುತ್ತದೆ, ಬಿಸಿಲಲ್ಲಿ ನಿಲ್ಲುವ ಕಾರಿನಲ್ಲಂತೂ ಬೇಗ. ಗೀರು ಮಾತ್ರ ನೋಡುವವರಿಗೆ ಇದು ಗೊತ್ತಾಗುವುದಿಲ್ಲ. ಸೈಜಿನ ಚರ್ಚೆ ಬಿಟ್ಟು ಮೊದಲು ಟೈರು ಬದಲಿಸಿ ಎಂದು ನಾವು ಒತ್ತಾಯ ಮಾಡಿದ್ದು ಆವಾಗ.

ಪಂಕ್ಚರ್ ಅಂಗಡಿಯವರು ಅನುಭವಸ್ಥರು. ನಮ್ಮ ಲೆಕ್ಕದ ಹಾಳೆ ನೋಡಿ ನಕ್ಕರು. "ಸಾರ್, ಹಾಳೆ ಮ್ಯಾಲೆ ಎಲ್ಲಾ ಸರಿ. ಆಲ್ಟೊ ಟೈರಾಕಿರೋ ಎಂಟತ್ತು ಗಾಡಿ ನಾನೇ ಮಾಡಿವ್ನಿ. ಓಡ್ತಾವೆ" ಎಂದರು. ಉಜ್ಜುತ್ತದೆಯೇ ಎಂದು ಕೇಳಿದೆವು. "ಮೂರು ಗಾಡೀಲಿ ಉಜ್ಜಿದ್ವು" ಎಂದು ಒಪ್ಪಿಕೊಂಡರು. ಆಮೇಲೆ ಅವರೇ ರೈತರ ಕಡೆ ತಿರುಗಿ, "ಅಣ್ಣಾ, ನಿಮ್ದು ಹಿಂದ್ಗಡೆ ಮೂಟೆ ಹೇರೋ ಗಾಡಿ. ಸ್ಪ್ರಿಂಗು ಕೂತೋಗಿದೆ. ನಿಮ್ಗೆ ಬ್ಯಾಡ" ಎಂದರು. ನಮ್ಮ ಹಾಳೆ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಖಾಲಿ ಓಡುವ, ಮಣ್ಣು ದಾರಿಯಲ್ಲೇ ನಿಧಾನವಾಗಿ ಓಡುವ ಕಾರಿನವರಿಗೆ ಅವರು ಬೇರೆ ಮಾತು ಹೇಳುತ್ತಿದ್ದರೇನೋ. ಕಾನೂನಿನ ಮಾತಂತೂ ಇಬ್ಬರಿಗೂ ಒಂದೇ.

ಹಾಸನದ ಅಂಗಡಿಯೊಂದು 145/70 ಆರ್ 12 ತರಿಸಿಕೊಡಲು ಹನ್ನೆರಡು ದಿನ ತೆಗೆದುಕೊಂಡಿತು. ಆ ಹನ್ನೆರಡು ದಿನ ಕಾರು ತೆಂಗಿನ ಗರಿಯ ನೆರಳಲ್ಲಿ ನಿಂತಿತ್ತು. ಒಂದು ಸಲ ತಾಯಿಯನ್ನು ಆಸ್ಪತ್ರೆಗೆ ಬಾಡಿಗೆ ಗಾಡಿಯಲ್ಲಿ ಕರೆದೊಯ್ದರು. ಬಂದ ಟೈರುಗಳ ಪಕ್ಕೆಯನ್ನು ರೈತರೇ ಬಗ್ಗಿ ಓದಿದರು: ಸೈಜು, 69, ವಾರ, ವರ್ಷ. ಒಂದರ ವರ್ಷ ಉಳಿದ ಮೂರಕ್ಕಿಂತ ಹಳೇದಿತ್ತು, ಅದನ್ನು ವಾಪಸು ಕೊಟ್ಟು ಬೇರೆಯದಕ್ಕೆ ಮತ್ತೆರಡು ದಿನ ಕಾದರು. ಹಿಂದಿನ ಸ್ಪ್ರಿಂಗುಗಳನ್ನೂ ಅದೇ ವಾರ ಬದಲಿಸಿದರು. ಗಾಳಿ ಎಷ್ಟು ಹಾಕಬೇಕೆಂಬ ಚೀಟಿ ಕಾರಿನಲ್ಲಿ ಅಳಿಸಿಹೋಗಿತ್ತು, ಮಾಲೀಕರ ಕೈಪಿಡಿ ಹುಡುಕಿ ತೆಗೆದರು. ಪಂಕ್ಚರ್ ಅಂಗಡಿಯವರು ಅದನ್ನು ಪೆನ್ನಿನಲ್ಲಿ ಬಾಗಿಲಿನ ಒಳಗೆ ಬರೆದು ಮೇಲೆ ಟೇಪು ಅಂಟಿಸಿದರು.

ಬಿಚ್ಚಿದ ನಾಲ್ಕರಲ್ಲಿ ಎರಡು ಈಗ ದನದ ಕೊಟ್ಟಿಗೆಯ ತಗಡಿನ ಮೇಲೆ, ಗಾಳಿಗೆ ಹಾರದಂತೆ ಇವೆ. ಇನ್ನೆರಡನ್ನು ಪಕ್ಕದ ಹಳ್ಳಿಯವರು ಹುಲ್ಲು ಸಾಗಿಸುವ ಕೈಗಾಡಿಗೆ ಬೇಕೆಂದು ಕೇಳಿ ತೆಗೆದುಕೊಂಡು ಹೋದರು.